ಅಪ್ಪನ ಮನೆಯನ್ನು ಈಗಲೇ ದಾನಪತ್ರ ಮಾಡಿಸಬೇಕೋ, ವಿಲ್ ಸಾಕೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ತಂದೆಯವರಿಗೆ 74, ನಿವೃತ್ತ ಮೇಷ್ಟ್ರು. ದಾವಣಗೆರೆಯಲ್ಲಿ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ, ಊರಲ್ಲಿ ಹಿರಿಯರಿಂದ ಬಂದ ಎರಡು ಎಕರೆ, ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ. ತಾಯಿ ಇದ್ದಾರೆ. ನೀವು, ತಂಗಿ, ತಮ್ಮ, ಮೂವರು ಮಕ್ಕಳು. ‘ವಿಲ್ ಬರೆದರೆ ಆಮೇಲೆ ಕೋರ್ಟಿಗೆ ಅಲೀಬೇಕು, ಈಗಲೇ ನನ್ನ ಹೆಸರಿಗೆ ದಾನಪತ್ರ ಮಾಡಿಸಿಬಿಡಿ’ ಅಂತ ತಮ್ಮ ಹೇಳುತ್ತಿದ್ದಾರೆ. ಎಫ್‌ಡಿಗೆ ನಾಮಿನಿ ನೀವೇ, ಹಾಗಾಗಿ ಅದರ ಚಿಂತೆ ಇಲ್ಲ ಅಂದುಕೊಂಡಿದ್ದೀರಿ.

ನಾನು ವಕೀಲನಲ್ಲ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ತೀರಿಕೊಂಡವರ ಖಾತೆ, ಲಾಕರ್‌ಗಳ ಕ್ಲೇಮ್ ಕಾಗದವೆಲ್ಲ ವರ್ಷಗಟ್ಟಲೆ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಅಷ್ಟು ನೋಡಿದ ಮೇಲೆ ಹೇಳುತ್ತೇನೆ: ಮನೆಯನ್ನು ಈಗ ದಾನ ಕೊಡಿಸಬೇಡಿ. ವಿಲ್ ಬರೆಸಿ.

ದಾನಪತ್ರ ಅಗ್ಗ, ನಿಜ. ಮಕ್ಕಳಿಗೆ ಕೊಡುವುದಾದರೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಆದರೆ ನೋಂದಣಿ ಆದ ಮೇಲೆ ಆ ಮನೆ ಅಪ್ಪನದಲ್ಲ. ಮಗ ಸಾಲ ಮಾಡಿ ಅಡ ಇಟ್ಟರೆ, ಮಾರಿದರೆ, ಕೇಳುವ ಹಕ್ಕಿಲ್ಲ. ಯಾರೂ ಯೋಚನೆ ಮಾಡದ ಇನ್ನೊಂದು ವಿಷಯ ಇದೆ. ದೇವರು ಹಾಗೆ ಮಾಡದಿರಲಿ, ಮಗ ಮೊದಲು ಹೋದರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸಿನ ಆಸ್ತಿ ಮೊದಲು ಹೋಗುವುದು ಹೆಂಡತಿ, ಮಕ್ಕಳು ಮತ್ತು ತಾಯಿಗೆ. ತಂದೆ ಆ ಮೊದಲ ಸಾಲಿನಲ್ಲೇ ಇಲ್ಲ! ಅಂದರೆ ತಾನೇ ಕಟ್ಟಿದ ಮನೆಯಲ್ಲಿ ನಿಮ್ಮ ತಂದೆಗೆ ಒಂದು ಇಟ್ಟಿಗೆಯೂ ಇರುವುದಿಲ್ಲ.

‘ಮಕ್ಕಳು ನೋಡಿಕೊಳ್ಳದಿದ್ದರೆ ವಾಪಸ್ ತಗೋಬಹುದಲ್ಲ’ ಅನ್ನುತ್ತಾರೆ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಅದಕ್ಕೇ ಇರುವುದು. ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಮುಂದೆ ಅರ್ಜಿ ಹಾಕಬೇಕು. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೇ ಕೊಟ್ಟದ್ದು ಅಂತ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಇನ್ನೊಂದು ತೀರ್ಪು ಹಿರಿಯರ ಕಡೆ ಸ್ವಲ್ಪ ಉದಾರವಾಗಿದೆ. ಆದರೂ ಎಪ್ಪತ್ತೈದರ ವಯಸ್ಸಿನಲ್ಲಿ ಸ್ವಂತ ಮಗನ ಮೇಲೆ ಅರ್ಜಿ ಹಿಡಿದು ನಿಲ್ಲುವ ಸ್ಥಿತಿ ಯಾಕೆ ಬೇಕು? ಕೊಡಲೇಬೇಕು ಅಂತ ತಂದೆಯವರೇ ಹಟ ಹಿಡಿದರೆ, ಆ ಷರತ್ತನ್ನೂ, ತಂದೆ, ತಾಯಿ ಇಬ್ಬರೂ ತಮ್ಮ ಕೊನೆಯ ತನಕ ಅದೇ ಮನೆಯಲ್ಲಿ ವಾಸ ಮಾಡುವ ಹಕ್ಕನ್ನೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ.

ಇನ್ನು ವಿಲ್. ‘ಕೋರ್ಟಿಗೆ ಹೋಗಬೇಕು’ ಅನ್ನೋ ಮಾತು ಬಹುಶಃ ಮುಂಬೈ, ಚೆನ್ನೈ ಕಡೆಯಿಂದ ಬಂದಿದ್ದು. ಅಲ್ಲಿ ಪ್ರೊಬೇಟ್, ಅಂದರೆ ವಿಲ್ ಅಸಲಿ ಅಂತ ಕೋರ್ಟಿನಿಂದ ದೃಢೀಕರಣ, ಮಾಡಿಸುವ ಪದ್ಧತಿ ಇತ್ತು. ಕರ್ನಾಟಕದ ಹಿಂದೂಗಳ ವಿಲ್‌ಗೆ ಅದು ಕಡ್ಡಾಯವಲ್ಲ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ತಂದೆ ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನೋಂದಣಿ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಕೆಲವರಿಗೆ ಭಯ. ಬರೆದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದೇ ಊರ್ಜಿತ.

ಸಾಕ್ಷಿಗಳ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ವಾಕಿಂಗ್ ಗೆಳೆಯರಿಬ್ಬರನ್ನು ಕರೆದುಕೊಂಡು ಹೋಗುತ್ತಾರೆ, ಅವರಿಗೂ 75. ಮುಂದೆ ತಕರಾರು ಬಂದರೆ ಕೋರ್ಟಿನಲ್ಲಿ ‘ನನ್ನ ಮುಂದೇ ಸಹಿ ಮಾಡಿದರು’ ಅಂತ ಹೇಳಲು ಒಬ್ಬ ಸಾಕ್ಷಿಯಾದರೂ ಬದುಕಿರಬೇಕಲ್ವಾ? ನಲವತ್ತರ ಆಸುಪಾಸಿನ, ಆಸ್ತಿಗೆ ಸಂಬಂಧವಿಲ್ಲದ, ಊರಲ್ಲೇ ಇರುವವರನ್ನು ಹುಡುಕಿ.

ಒಳಗಿನ ಮಾತುಗಳ ಬಗ್ಗೆ ಸ್ವಲ್ಪ ಹುಷಾರು. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ವಿಲ್‌ಗಳಲ್ಲಿ ಈ ಸಾಲು ಇದ್ದೇ ಇರುತ್ತದೆ: ‘ನನ್ನ ನಂತರ ನನ್ನ ಪತ್ನಿಯು ಜೀವಿತಾವಧಿ ಅನುಭವಿಸಿಕೊಂಡು ಬರತಕ್ಕದ್ದು, ತದನಂತರ ಮಗನಿಗೆ ಸೇರತಕ್ಕದ್ದು.’ ಓದಲು ಚೆನ್ನಾಗಿದೆ. ಆದರೆ ಅದೇ 1956ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಜೀವನಾಂಶದ ಬದಲಿಗೆ ಹೆಂಡತಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗಿ ಬೆಳೆಯಬಹುದು. ಯಾವಾಗ ಬೆಳೆಯುತ್ತದೆ, ಯಾವಾಗ ಇಲ್ಲ ಅನ್ನುವುದರ ಮೇಲೆ 1977ರಿಂದ ಈಚೆಗೆ ಸುಪ್ರೀಂ ಕೋರ್ಟಿನಲ್ಲೇ ತೀರ್ಪಿನ ಮೇಲೆ ತೀರ್ಪು ಬಂದಿವೆ. ನನ್ನನ್ನು ಕೇಳಿದರೆ ತಾಯಿಗೇ ಪೂರ್ತಿ ಬರೆಯುವುದು ಒಳ್ಳೆಯದು. ಆಮೇಲೆ ಅವರು ತಮ್ಮ ವಿಲ್ ಬರೆಯಲಿ. ಅದು ಬೇಡ ಅಂದರೆ ಆ ಒಂದು ಸಾಲಿಗಾದರೂ ಒಳ್ಳೆ ವಕೀಲರ ಫೀಸು ಕೊಡಿ. ಪತ್ರ ಬರೆಯುವವರ ಹಳೇ ನಮೂನೆಯಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆಸಬೇಡಿ.

‘ದಾವಣಗೆರೆಯ ನನ್ನ ಮನೆ’ ಅಂತಷ್ಟೇ ಬರೆದರೂ ಸಾಲದು. ಮನೆಯ ಖಾತೆ ನಂಬರು, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇರಲಿ. ಕ್ರಯಪತ್ರದಲ್ಲಿ ಅಪ್ಪನ ಹೆಸರು ಊರಿನ ಹೆಸರಿನೊಂದಿಗೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಬಗೆ. ಇಂಥದ್ದು ನಾನು ನೋಡಿದಷ್ಟು ಯಾರೂ ನೋಡಿರಲಿಕ್ಕಿಲ್ಲ. ಅವರಿರುವಾಗ ಒಂದು ಅರ್ಜಿಯಲ್ಲಿ ಸರಿಹೋಗುವುದು, ಹೋದ ಮೇಲೆ ಅಫಿಡವಿಟ್, ವಂಶವೃಕ್ಷ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ.

ಎಫ್‌ಡಿ ವಿಷಯ ಬೇಜಾರಾದರೂ ಹೇಳಿಬಿಡ್ತೀನಿ. ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕು ದುಡ್ಡನ್ನು ನಿಮ್ಮ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಕಳೆದುಕೊಳ್ಳುತ್ತದೆ, ಅಷ್ಟೇ. ವಿಲ್ ಇಲ್ಲದಿದ್ದರೆ ತಾಯಿ, ತಂಗಿ, ತಮ್ಮ ಎಲ್ಲರಿಗೂ ಅದರಲ್ಲಿ ಸಮಪಾಲು. ಆದ್ದರಿಂದ ಎಫ್‌ಡಿಯನ್ನೂ ವಿಲ್‌ನಲ್ಲಿ ಸೇರಿಸಿ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಪಾಲು ಇಷ್ಟಿಷ್ಟು ಅಂತಲೂ ಬರೆಯಬಹುದು. ಪಿಂಚಣಿ ಪತ್ರದಲ್ಲಿ ತಾಯಿಯ ಹೆಸರು, ಹುಟ್ಟಿದ ದಿನ ಸರಿಯಿದೆಯಾ ಅಂತ ಬ್ಯಾಂಕಿಗೆ ಹೋದ ದಿನವೇ ನೋಡಿಕೊಂಡು ಬನ್ನಿ.

ಊರಿನ ಎರಡು ಎಕರೆ ಪಿತ್ರಾರ್ಜಿತವೇ ಆಗಿದ್ದರೆ ತಂದೆ ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ‘ಮದುವೆಯಲ್ಲಿ ಕೊಟ್ಟಾಯ್ತು, ಇನ್ನೇನಿದ್ದರೂ ಅರಿಸಿನ ಕುಂಕುಮಕ್ಕೆ’ ಅನ್ನೋ ಮಾತು ನಡೆಯುವುದಿಲ್ಲ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಆದ ಮೇಲೆ ನಿಮ್ಮ ತಂಗಿಗೂ ಹುಟ್ಟಿನಿಂದಲೇ ಸಮಪಾಲು. ಅವರು ಬೇಡ ಅಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಲಿ, ಬಾಯಿಮಾತು ಸಾಲದು.

ಕೊನೆಗೆ ಒಂದು ಮಾತು ನಿಮಗೇ. ವಿಲ್ ಬರೆಸುವ ದಿನ ನೀವಾಗಲಿ, ತಮ್ಮ ಆಗಲಿ ಸಬ್ ರಿಜಿಸ್ಟ್ರಾರ್ ಕಚೇರಿಯೊಳಗೆ ಅಪ್ಪನ ಪಕ್ಕದಲ್ಲಿ ನಿಲ್ಲಬೇಡಿ. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದರು ಅನ್ನುವುದು ಮುಂದೆ ಅನುಮಾನಕ್ಕೆ ಮೊದಲ ಕಾರಣವಾಗುತ್ತದೆ. ಮನಸ್ಸು ಸ್ವಸ್ಥವಾಗಿದೆ ಅಂತ ಅದೇ ವಾರ ಡಾಕ್ಟರ ಹತ್ತಿರ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಸಾಕ್ಷಿಗಳ ಜೊತೆ ಅಪ್ಪನನ್ನು ಒಳಗೆ ಕಳಿಸಿ, ನೀವು ಹೊರಗೆ ಕಾಫಿ ಕುಡಿಯುತ್ತಿರಿ.