ಮನೆಯವರು ಯಾರಾದರೂ ಕಾಣೆಯಾದರೆ ಮೊದಲು ಏನು ಮಾಡಬೇಕು?

24 ಗಂಟೆ ಕಾದ ಮೇಲೆಯೇ ದೂರು ಕೊಡಬೇಕು ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಏನೋ ಸರಿಯಿಲ್ಲ ಅನಿಸಿದ ಕೂಡಲೇ ಪೊಲೀಸರಿಗೆ ತಿಳಿಸಿ. ಮಕ್ಕಳು, ಮರೆವಿನ ಕಾಯಿಲೆಯವರು, ಸಾಯುವ ಮಾತಾಡಿದ್ದವರು ಆದರೆ ಒಂದು ನಿಮಿಷವೂ ತಡ ಬೇಡ. ದೂರಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ಅಷ್ಟರಲ್ಲಿ ಇನ್ನೊಬ್ಬರು ಮನೆಯನ್ನೇ ಹುಡುಕಲಿ. ಪುಟ್ಟ ಮಕ್ಕಳು ಮಂಚದ ಕೆಳಗೆ, ಬೀರುವಿನಲ್ಲಿ, ಕಾರಿನೊಳಗೆ ನಿದ್ದೆ ಹೋಗಿರುವುದುಂಟು. ಹತ್ತಿರದಲ್ಲಿ ನೀರಿದ್ದರೆ ಮೊದಲು ಅಲ್ಲಿಗೇ ಓಡಿ. ಮರೆವಿನ ಕಾಯಿಲೆಯವರು ಎಷ್ಟೋ ಸಲ ಹಳೇ ಮನೆಯ ಕಡೆ, ಹಿಂದೆ ಕೆಲಸ ಮಾಡಿದ ಜಾಗದ ಕಡೆ ಹೊರಟುಬಿಡುತ್ತಾರೆ. ಆಸ್ಪತ್ರೆಗಳಿಗೂ ಫೋನ್ ಮಾಡಿ. ಅಂಗಡಿ, ನಿಲ್ದಾಣಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗಬಹುದು, ಅದನ್ನು ಉಳಿಸಿಡಲು ಬೇಗ ಕೇಳಿಕೊಳ್ಳಿ. ಕಾಣೆಯಾದವರ ಫೋನ್, ಲ್ಯಾಪ್‌ಟಾಪ್, ಕೋಣೆಯನ್ನು ಸುಮ್ನೆ ಕೆದಕಬೇಡಿ.

ಇತ್ತೀಚಿನ, ಮುಖ ಸ್ಪಷ್ಟವಾಗಿರುವ ಫೋಟೋ ಹಂಚಿ. ಆದರೆ ಒಂದು ಗುರುತನ್ನು, ಮಚ್ಚೆಯೋ ಗಾಯದ ಕಲೆಯೋ, ಹೊರಗೆ ಹೇಳದೆ ಇಟ್ಟುಕೊಳ್ಳಿ. ಇದು ತುಂಬಾ ಮುಖ್ಯ. ‘ಸಿಕ್ಕಿದ್ದಾರೆ, ದುಡ್ಡು ಕಳಿಸಿ’ ಅಂತ ಮೋಸಗಾರರು ಕರೆ ಮಾಡುತ್ತಾರೆ. ಆ ಗುರುತು ಕೇಳಿದರೆ ಸುಳ್ಳು ಗೊತ್ತಾಗುತ್ತದೆ. ಫೋಟೋ ಜೊತೆ ನಿಮ್ಮ ನಂಬರ್ ಬದಲು ಪೊಲೀಸರ ನಂಬರ್ ಹಾಕುವುದು ಇನ್ನೂ ಒಳ್ಳೆಯದು.

ಬೇರೆ ದೇಶಕ್ಕೆ ಹೋಗಿರಬಹುದಾದರೆ ಇಂಟರ್‌ಪೋಲ್‌ನ ಹಳದಿ ನೋಟಿಸ್ (ಕಾಣೆಯಾದವರನ್ನು ಹುಡುಕಲು ಬೇರೆ ಬೇರೆ ದೇಶಗಳ ಪೊಲೀಸರಿಗೆ ಹೋಗುವ ಸೂಚನೆ) ಬಗ್ಗೆ ನಿಮ್ಮ ಪೊಲೀಸರನ್ನೇ ಕೇಳಿ. ಕುಟುಂಬದವರು ನೇರವಾಗಿ ಅದನ್ನು ಹೊರಡಿಸಲು ಆಗುವುದಿಲ್ಲ. ಯುದ್ಧ, ಪ್ರವಾಹ, ವಲಸೆಯಲ್ಲಿ ಸಂಪರ್ಕ ತಪ್ಪಿದ್ದರೆ ರೆಡ್ ಕ್ರಾಸ್ ಹುಡುಕಿಕೊಡಲು ನೆರವಾಗುತ್ತದೆ, ಅದಕ್ಕೆ ಹಣ ಕೊಡಬೇಕಿಲ್ಲ.