ಇಯರ್‌ಫೋನಿನಲ್ಲಿ ಬೇಸ್ ಕೇಳಿಸುತ್ತಿಲ್ಲ: ಕೇಬಲ್ ಬದಲಿಸಬೇಕೆ, ರಬ್ಬರ್ ಬದಲಿಸಬೇಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಚಿತ್ರದುರ್ಗದಲ್ಲಿದ್ದೀರಿ, ಕಿವಿಯ ಒಳಗೆ ಕೂರುವ ತಂತಿಯ ಇಯರ್‌ಫೋನ್ ತರಿಸಿದ್ದೀರಿ. ಎಲ್ಲರೂ ಹೊಗಳುವ ಬೇಸ್, ಅಂದರೆ ತಗ್ಗು ಸ್ವರದ ಗುಮ್ಮೆನ್ನುವ ಸದ್ದು, ನಿಮಗೆ ಕೇಳಿಸುತ್ತಿಲ್ಲ, ಹಾಡಿನಲ್ಲಿ ‘ಸ’, ‘ಶ’ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ. ಬೆಳ್ಳಿ ಲೇಪದ ಕೇಬಲ್ ಹಾಕಿದರೆ ಎರಡೂ ಸರಿಹೋಗುತ್ತವೆ ಎಂದು ಗೆಳೆಯರು ಹೇಳುತ್ತಿದ್ದಾರೆ. ಆ ಕೇಬಲ್ಲಿನ ಬೆಲೆಯೋ ಇಯರ್‌ಫೋನಿನ ಬೆಲೆಗಿಂತ ಹೆಚ್ಚು. ಕೊಳ್ಳಬೇಕೆ ಬೇಡವೆ?

ಸದ್ಯಕ್ಕೆ ಬೇಡ. ನೀವು ಹೇಳಿದ ಎರಡು ತೊಂದರೆಗಳೂ ಇಯರ್ ಟಿಪ್‌ನಿಂದ, ಅಂದರೆ ತುದಿಯ ಆ ರಬ್ಬರಿನಿಂದ ಬರುವಂಥವು. ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನಡೆಸುವವನು. ಕೇಬಲ್ಲಿನ ಬಗ್ಗೆ ಹುಡುಗರೊಡನೆ ಈ ವಾದ ಎಷ್ಟೋ ಸಲ ನಡೆದಿದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಬೇಸ್. 50 ಹರ್ಟ್ಸ್ ಸದ್ದಿನ ತರಂಗದ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್. ನಮ್ಮ ಕಿವಿಯ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಅಷ್ಟು ದೊಡ್ಡ ತರಂಗ ಇಷ್ಟು ಸಣ್ಣ ನಾಳದಲ್ಲಿ ಹಬ್ಬುವ ಮಾತೇ ಇಲ್ಲ. ಇಯರ್‌ಫೋನಿನ ಪೊರೆ ಹಿಂದೆ ಮುಂದೆ ಆಡಿದಂತೆ, ನಾಳದಲ್ಲಿ ಸಿಕ್ಕಿಕೊಂಡಿರುವ ಗಾಳಿಯ ಒತ್ತಡ ಒಟ್ಟಿಗೆ ಏರಿ ಇಳಿಯುತ್ತದೆ. ಅದನ್ನೇ ನಾವು ಬೇಸ್ ಎಂದು ಕೇಳುತ್ತೇವೆ. ರಬ್ಬರು ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಆ ಒತ್ತಡ ಹೊರಗೆ ಸೋರಿಹೋಗುತ್ತದೆ. 50 ಹರ್ಟ್ಸ್‌ನಲ್ಲಿ ಒತ್ತಡ ಏರಿರುವ ಅವಧಿ 10 ಮಿಲಿಸೆಕೆಂಡ್, ಗಾಳಿ ನುಸುಳಲು ಧಾರಾಳ ಸಮಯ. 5,000 ಹರ್ಟ್ಸ್‌ನಲ್ಲಾದರೆ 0.1 ಮಿಲಿಸೆಕೆಂಡ್ ಮಾತ್ರ, ಸೋರುವಷ್ಟು ಪುರಸೊತ್ತೇ ಇಲ್ಲ. ಆದ್ದರಿಂದಲೇ ಬಿಗಿ ತಪ್ಪಿದಾಗ ಎಲ್ಲ ಸ್ವರಗಳೂ ಸಮನಾಗಿ ಕುಗ್ಗುವುದಿಲ್ಲ, ಬೇಸ್ ಒಂದೇ ಮಾಯವಾಗುತ್ತದೆ. ನಷ್ಟ 10 ಡೆಸಿಬೆಲ್ ದಾಟುವುದು ಅಪರೂಪವಲ್ಲ. 10 ಡೆಸಿಬೆಲ್ ಕುಸಿದರೆ ಸದ್ದು ಕಿವಿಗೆ ಹೆಚ್ಚುಕಡಿಮೆ ಅರ್ಧವಾದಂತೆ ಕೇಳಿಸುತ್ತದೆ. ಬೇಸ್ ಹೋದ ಮೇಲೆ ಉಳಿದ ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಚೂಪು ಸದ್ದು, ಎದ್ದು ಕಾಣುತ್ತದೆ. ನಿಮ್ಮ ‘ಸ’ಕಾರದ ಚುಚ್ಚುವಿಕೆಯಲ್ಲಿ ಅರ್ಧ ಪಾಲು ಇದರದ್ದೇ ಇರಬಹುದು.

ಬಿಗಿ ಇದೆಯೋ ಇಲ್ಲವೋ ನೋಡಲು ಕಾಸು ಖರ್ಚಿಲ್ಲ. ಹಾಡು ನಿಲ್ಲಿಸಿ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬಾಯಿ ಮುಚ್ಚಿ ‘ಮ್’ ಎಂದು ಗುನುಗಿ. ನಾಳ ಸರಿಯಾಗಿ ಮುಚ್ಚಿದ್ದರೆ ನಿಮ್ಮ ದನಿ ತಲೆಯ ಒಳಗೇ ಗುಂಯ್‌ಗುಡುತ್ತದೆ. ಒಂದು ಕಡೆ ಮಾತ್ರ ಗುಂಯ್‌ಗುಟ್ಟರೆ ಇನ್ನೊಂದು ಕಡೆ ಸೋರುತ್ತಿದೆ ಎಂದರ್ಥ. ಸಂಜೆ ಖಾರ ಮಂಡಕ್ಕಿ ತಿನ್ನುವಾಗಲೂ ಪರೀಕ್ಷೆ ಮಾಡಬಹುದು. ಬಿಗಿಯಾಗಿ ಕೂತ ಕಿವಿಯಲ್ಲಿ ಮಂಡಕ್ಕಿಯ ಕರಕರ, ನಡುವೆ ಮಿರ್ಚಿ ಕಡಿದ ಸದ್ದು, ಪಕ್ಕದವರು ಏನು ಹೇಳುತ್ತಿದ್ದಾರೆ ಎಂಬುದನ್ನೇ ನುಂಗಿಹಾಕುತ್ತವೆ. ತಮಾಷೆಗೆ ಹೇಳುತ್ತಿಲ್ಲ. ಮೂಳೆಯ ಮೂಲಕ ನಾಳಕ್ಕೆ ಬಂದ ಸದ್ದು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಉಳಿಯುವುದರಿಂದ ಹಾಗಾಗುತ್ತದೆ.

ಇದಾದ ಮೇಲೆ ತಬಲಾ ಇರುವ ಹಿಂದೂಸ್ತಾನಿ ಧ್ವನಿಮುದ್ರಣ ಹಾಕಿ. ಎಡಗೈಯ ಡಗ್ಗಾ ಕೇಳುತ್ತ, ಎರಡೂ ಇಯರ್‌ಫೋನ್‌ಗಳನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಡಗ್ಗಾದ ಆ ಎಳೆದ ಗುಮುಕು ತುಂಬಿಕೊಂಡು ಬಂದು, ಬೆರಳು ತೆಗೆದಾಗ ತೆಳುವಾದರೆ ರೋಗ ಪತ್ತೆಯಾದಂತೆ. ನಿಮ್ಮ ಇಯರ್‌ಫೋನಿನಲ್ಲಿ ಬೇಸ್ ಇದೆ, ನಿಮ್ಮ ಕಿವಿಯಲ್ಲಿ ನಿಲ್ಲುತ್ತಿಲ್ಲ ಅಷ್ಟೆ.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರು ಬರುತ್ತವೆ, ನಡುವಿನದು ಮೊದಲೇ ಸಿಕ್ಕಿಸಿರುತ್ತದೆ. ಬಹಳ ಜನ ಉಳಿದ ಎರಡನ್ನು ಪೊಟ್ಟಣದಿಂದ ಹೊರಗೆ ತೆಗೆಯುವುದೇ ಇಲ್ಲ. ದೊಡ್ಡದನ್ನು ಹಾಕಿ ನೋಡಿ. ಎಡಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾದರೆ ಸಂಕೋಚ ಬೇಡ, ಎರಡು ನಾಳಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಲ್ಲ. ಹಾಕುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳ ನೆಟ್ಟಗಾಗುತ್ತದೆ, ರಬ್ಬರು ಮಡಚಿಕೊಳ್ಳದೆ ಒಳಗೆ ಕೂರುತ್ತದೆ. ಹಾಕುವಾಗ ‘ಟಕ್’ ಎಂದು ಸಣ್ಣ ಸದ್ದು ಬಂದರೆ ಅದು ಒತ್ತಡಕ್ಕೆ ಇಯರ್‌ಫೋನಿನ ಪೊರೆ ಬಾಗುವ ಸದ್ದು. ಸ್ವಲ್ಪ ನಿಧಾನವಾಗಿ ಹಾಕಿ. ಸ್ಪಂಜಿನಂಥ ಫೋಮ್ ತುದಿಯಾದರೆ ಬೆರಳುಗಳ ನಡುವೆ ಹೊಸೆದು ಸಪೂರ ಮಾಡಿ, ಒಳಗಿಟ್ಟು, ಅದು ಉಬ್ಬಿ ನಾಳ ತುಂಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಈ ಅರ್ಧ ನಿಮಿಷಕ್ಕೆ ತಾಳ್ಮೆಯಿಲ್ಲದವರೇ ಫೋಮ್ ದಂಡ ಎನ್ನುತ್ತಾರೆ.

ಈಗ ‘ಸ’ಕಾರ. ನಾಳದ ಒಂದು ತುದಿಯಲ್ಲಿ ಕಿವಿತಮಟೆ, ಇನ್ನೊಂದು ತುದಿಯಲ್ಲಿ ಇಯರ್‌ಫೋನ್. ನಡುವೆ ಉಳಿದ ಗಾಳಿಯ ಕಂಬಕ್ಕೆ ತನ್ನದೇ ಒಂದು ಅನುರಣನದ ಶ್ರುತಿ ಇರುತ್ತದೆ, ಅಲ್ಲಿ ಸದ್ದು ಉಬ್ಬುತ್ತದೆ. ಕಂಬದ ಉದ್ದ 25 ಮಿಲಿಮೀಟರ್ ಇದ್ದರೆ ಆ ಉಬ್ಬು 7,000 ಹರ್ಟ್ಸ್‌ನ ಆಸುಪಾಸು, 20 ಇದ್ದರೆ 8,500ರ ಹತ್ತಿರ, 15ಕ್ಕೆ ಇಳಿದರೆ 11,000 ದಾಟುತ್ತದೆ. ‘ಸ’, ‘ಶ’ಗಳ ಸೀಟಿ ಬಹುಪಾಲು 5,000ದಿಂದ 9,000 ಹರ್ಟ್ಸ್ ಒಳಗೆ ಬರುತ್ತದೆ. ಇಯರ್‌ಫೋನ್ ಹೊರಗೇ ತೂಗುತ್ತಿದ್ದರೆ ಉಬ್ಬು ಸರಿಯಾಗಿ ಅದರ ಮೇಲೆಯೇ ಬಂದು ಕೂರುತ್ತದೆ, ಒಂದೆರಡು ಮಿಲಿಮೀಟರ್ ಒಳಗೆ ಹೋದರೆ ಮೇಲಕ್ಕೆ ಸರಿಯುತ್ತದೆ. ಕೆಲವರಿಗೆ ಹೀಗಾಗಿ ಒಂದು ಅಳತೆ ಸಣ್ಣ ರಬ್ಬರೇ ಒಳ್ಳೆಯದು: ಸಣ್ಣದು ಆಳಕ್ಕೆ ಹೋಗಿ ಅಲ್ಲಿ ಬಿಗಿಯಾಗುತ್ತದೆ, ದೊಡ್ಡದು ಬಾಗಿಲಲ್ಲೇ ನಿಲ್ಲುತ್ತದೆ. ದೊಡ್ಡದರಲ್ಲಿ ಸಮಾಧಾನ ಸಿಗದಿದ್ದರೆ ಸಣ್ಣದನ್ನೂ ಬಿಡಬೇಡಿ.

ರಬ್ಬರಿನ ನಡುವಿನ ತೂತಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ತೂತು ಇಯರ್‌ಫೋನಿನ ನಳಿಕೆಗಿಂತ ಕಿರಿದಾಗಿದ್ದರೆ ಟ್ರೆಬಲ್ ಸ್ವಲ್ಪ ತಗ್ಗುತ್ತದೆ, ಅಗಲವಾಗಿದ್ದರೆ ತೆರೆದುಕೊಳ್ಳುತ್ತದೆ. ಎಷ್ಟು ಎಂಬುದು ಇಯರ್‌ಫೋನಿನಿಂದ ಇಯರ್‌ಫೋನಿಗೆ ಬೇರೆ. ಇದನ್ನು ತಿಳಿಯಲು ಡಗ್ಗಾ ಸಾಲದು, ತಂಬೂರಿ ಬೇಕು. ತಂತಿ ಮೀಟಿದ ಮೇಲೆ ಹರಡುವ ಝೇಂಕಾರದಲ್ಲಿ ಮೇಲಿನ ಸ್ವರಾಂಶಗಳು ರಾಶಿ ರಾಶಿ ಇರುತ್ತವೆ. ಕಿರಿದಾದ ತೂತಿನಲ್ಲಿ ಆ ಝೇಂಕಾರ ಮಸುಕಾಗಿ, ಗಾಯಕರ ಹಿಂದಕ್ಕೆ ಸರಿದಂತೆ ಆಗುತ್ತದೆ. ಫೋಮ್ ಕೂಡ ಟ್ರೆಬಲ್ಲನ್ನು ತುಸು ಹೀರುತ್ತದೆ, ನಿಮ್ಮ ದೂರಿಗೆ ಅದು ಒಗ್ಗಬಹುದು. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲು, ಬೆವರು, ಕಿವಿಯ ಎಣ್ಣೆ ಎಲ್ಲ ಸೇರಿ ಫೋಮನ್ನು ಕೆಲವೇ ತಿಂಗಳಲ್ಲಿ ಗಡುಸಾಗಿಸುತ್ತವೆ. ಸಿಲಿಕೋನ್ ತೊಳೆದು ಒರೆಸಿ ಬಳಸಬಹುದು.

ಕೇಬಲ್ಲಿಗೆ ಬರೋಣ. ಹಿರಿಯೂರು, ಚಳ್ಳಕೆರೆ ಕಡೆ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ: ಆಳದ ಕೊಳವೆಬಾವಿಗೆ ಸಪೂರ ಕೇಬಲ್ ಇಳಿಸಿದರೆ ವೋಲ್ಟೇಜ್ ದಾರಿಯಲ್ಲೇ ಕುಸಿದು ಮೋಟರ್ ನರಳುತ್ತದೆ. ಇಯರ್‌ಫೋನಿನ ಕೇಬಲ್ಲಿಗೂ ಇರುವ ನಿಯಮ ಅದೇ, ಓಮ್‌ನ ನಿಯಮ. ವ್ಯತ್ಯಾಸ ಪ್ರಮಾಣದ್ದು. ಇಲ್ಲಿ ತಂತಿ 1.2 ಮೀಟರ್, ಹೊರೆ, ಅಂದರೆ ಇಯರ್‌ಫೋನ್ ಒಡ್ಡುವ ರೋಧ, ನಿಮ್ಮ ಮಾದರಿಯಲ್ಲಿ 32 ಓಮ್. ಕೇಬಲ್ಲಿನ ರೋಧ, ಹೋಗಿ ಬರುವ ದಾರಿ ಎರಡೂ ಸೇರಿ, ಸಾಮಾನ್ಯವಾಗಿ ಅರ್ಧ ಓಮ್‌ನ ಹತ್ತಿರ. ತೀರ ಸಪೂರವಾದದ್ದರಲ್ಲಿ 1 ಓಮ್ ಅಥವಾ ತುಸು ಹೆಚ್ಚು. 1 ಓಮ್ ಎಂದೇ ಇಟ್ಟುಕೊಳ್ಳಿ, 32 ಓಮ್‌ನ ಇಯರ್‌ಫೋನಿನಲ್ಲಿ ನಷ್ಟ 0.27 ಡೆಸಿಬೆಲ್. ಅದೂ ಎಲ್ಲ ಸ್ವರಗಳಿಗೂ ಹೆಚ್ಚುಕಡಿಮೆ ಒಂದೇ ಸಮ, ಏಕೆಂದರೆ ಒಂದೇ ಡೈನಾಮಿಕ್ ಡ್ರೈವರ್ (ಸುರುಳಿಯಿಂದ ಪೊರೆ ಆಡಿಸಿ ಸದ್ದು ಹೊರಡಿಸುವ ಭಾಗ) ಇರುವ ಇಯರ್‌ಫೋನಿನ ಇಂಪೀಡೆನ್ಸ್, ಅಂದರೆ ಒಂದೊಂದು ಸ್ವರಕ್ಕೂ ಅದು ಒಡ್ಡುವ ರೋಧ, ಹೆಚ್ಚು ಏರಿಳಿಯುವುದಿಲ್ಲ. ಸದ್ದಿನ ಬಣ್ಣ ಬದಲಾಗುವುದಿಲ್ಲ, ವಾಲ್ಯೂಮ್ ಕೂದಲಷ್ಟು ಇಳಿಯುತ್ತದೆ.

ಬೆಳ್ಳಿಯ ವಿಚಾರ: ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಹೌದು, ಸುಮಾರು 6 ಪ್ರತಿಶತ. ಅಂದರೆ 0.5 ಓಮ್‌ನ ತಾಮ್ರದ ತಂತಿಯನ್ನು ಅಪ್ಪಟ ಬೆಳ್ಳಿಯಲ್ಲೇ ಮಾಡಿಸಿದರೂ 0.47 ಓಮ್. ಲೇಪ ಮಾತ್ರವಾದರೆ ಅಷ್ಟೂ ಇಲ್ಲ. ‘ಮೇಲಿನ ಸ್ವರಗಳು ತಂತಿಯ ಹೊರಮೈಯಲ್ಲೇ ಹರಿಯುತ್ತವೆ, ಅದಕ್ಕೇ ಲೇಪ’ ಎಂಬ ಜಾಹೀರಾತಿನ ಮಾತು ರೇಡಿಯೊ ಆವರ್ತನಗಳಿಗೆ ಸರಿ. 20,000 ಹರ್ಟ್ಸ್‌ನಲ್ಲಿ ತಾಮ್ರದೊಳಗೆ ಪ್ರವಾಹ ಇಳಿಯುವ ಆಳ ಸುಮಾರು 0.46 ಮಿಲಿಮೀಟರ್. ಕೇಬಲ್ಲಿನೊಳಗಿನ ಒಂದೊಂದು ಎಳೆಯೂ ಅದಕ್ಕಿಂತ ಎಷ್ಟೋ ಸಪೂರ, ಪ್ರವಾಹ ಇಡೀ ಎಳೆಯಲ್ಲಿ ಹರಿಯುತ್ತದೆ.

ಅನುಮಾನವಿದ್ದರೆ ಅಳೆದು ನೋಡಿ. ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ, ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ. ಸೊನ್ನೆ ಬರುವುದಿಲ್ಲ, 0.2 ಅಥವಾ 0.3 ತೋರಿಸುತ್ತದೆ; ಅದು ಮೀಟರಿನ ಸ್ವಂತ ತಂತಿಗಳದ್ದು. ಆಮೇಲೆ ಕೇಬಲ್ಲಿನ ಎರಡು ತುದಿ ಅಳೆದು ಅಷ್ಟನ್ನು ಕಳೆಯಿರಿ. ಹೊಳೆಯುವ ಹೆಣಿಗೆಯ ಕೇಬಲ್ ತಂದ ಹುಡುಗನ ಕೈಗೇ ಮೊನೆಗಳನ್ನು ಕೊಡುವುದು ನನ್ನ ಪದ್ಧತಿ. ಹಳೆಯ ಕೇಬಲ್ಲಿಗೂ ಹೊಸದಕ್ಕೂ ಇರುವ ಅಂತರ ಮೀಟರಿನ ಕೊನೆಯ ಅಂಕಿಯ ನಡುಕದಲ್ಲೇ ಕರಗಿಹೋಗುವುದನ್ನು ಅವನೇ ನೋಡುತ್ತಾನೆ. ಒಪ್ಪುವುದು ಬಿಡುವುದು ಅವನಿಗೆ ಬಿಟ್ಟದ್ದು.

ಇದಕ್ಕೆ ನಿಜವಾದ ಅಪವಾದವೂ ಇದೆ. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ನಾಲಿಗೆ ಕಂಪಿಸುವ ಬಗೆಯ) ಡ್ರೈವರ್‌ಗಳಿರುವ ಇಯರ್‌ಫೋನಿನಲ್ಲಿ ಇಂಪೀಡೆನ್ಸ್ ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 40 ಓಮ್ ಹೀಗೆ ಕುಣಿಯುವುದುಂಟು. ಅಂಥದ್ದಕ್ಕೆ 1 ಓಮ್‌ನ ಕೇಬಲ್ ಹಾಕಿದರೆ 8 ಓಮ್ ಇರುವಲ್ಲಿ 1 ಡೆಸಿಬೆಲ್ ಹೋಗುತ್ತದೆ, 40 ಇರುವಲ್ಲಿ 0.2 ಮಾತ್ರ. ಸಮತೋಲ 0.8 ಡೆಸಿಬೆಲ್ ಕದಲಿತು; ಗಮನವಿಟ್ಟರೆ ಕೇಳಿಸುತ್ತದೆ. ಇಯರ್‌ಫೋನ್ ತಯಾರಿಸುವ ಎಟಿಮೋಟಿಕ್ ಕಂಪನಿ ಇದನ್ನು ಬೇಕೆಂದೇ ಬಳಸಿಕೊಂಡಿತ್ತು. 1991ರಲ್ಲಿ ಬಂದ ಅವರ ಇಆರ್-4 ಸರಣಿಯಲ್ಲಿ 27 ಓಮ್‌ನ ‘ಪಿ’ ಮಾದರಿಗೆ 75 ಓಮ್ ಸೇರಿಸುವ ಕೇಬಲ್ ಜೋಡಿಸಿದರೆ ಅದು 100 ಓಮ್‌ನ ‘ಎಸ್’ ಮಾದರಿಯಂತೆ ನುಡಿಯುತ್ತಿತ್ತು, ಟ್ರೆಬಲ್ ಮೇಲೇಳುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದು ರೆಸಿಸ್ಟರ್, ಲೋಹದ ಮಹಿಮೆಯಲ್ಲ. ಇಂಥ ಇಯರ್‌ಫೋನ್ ಇರುವವರು ಕೇಬಲ್ಲಿಗಿಂತ ಮೊದಲು ಮೊಬೈಲಿಗೆ ಚುಚ್ಚುವ ಡಾಂಗಲ್‌ನ (ಇಯರ್‌ಫೋನ್ ಜೋಡಿಸುವ ಪುಟ್ಟ ಅಡಾಪ್ಟರಿನ) ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರ ಸ್ವಂತ ರೋಧ, ನೋಡಬೇಕು, ಅದೂ ಇದೇ ಲೆಕ್ಕದಲ್ಲಿ ಬಂದು ಸೇರುತ್ತದೆ.

ಹಾಗಾದರೆ ಕೇಬಲ್ ಬದಲಿಸಿದ ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿದ್ದಾರೆಯೆ? ಇಲ್ಲ, ಅವರಿಗೆ ವ್ಯತ್ಯಾಸ ಕೇಳಿಸಿರುತ್ತದೆ. ಕೇಬಲ್ ಬದಲಿಸಬೇಕಾದರೆ ಇಯರ್‌ಫೋನನ್ನು ಕಿವಿಯಿಂದ ತೆಗೆಯಬೇಕು, ಮತ್ತೆ ಹಾಕಬೇಕು. ಎರಡನೆಯ ಸಲ ಅದು ಮೊದಲಿನಷ್ಟೇ ಆಳಕ್ಕೆ, ಅದೇ ಕೋನದಲ್ಲಿ, ಅಷ್ಟೇ ಬಿಗಿಯಾಗಿ ಕೂರುವುದಿಲ್ಲ. ಒಂದೂವರೆ ಮಿಲಿಮೀಟರ್ ಒಳಗೆ ಹೋದರೂ ಟ್ರೆಬಲ್ಲಿನ ಉಬ್ಬು ಸರಿಯಿತು, ಬೇಸ್ ತುಂಬಿತು. ದಪ್ಪ ಹೆಣಿಗೆಯ ಕೇಬಲ್ಲಿಗೆ ಕಿವಿಯ ಮೇಲೆ ಬಳಸುವ ಕೊಕ್ಕೆ ಬೇರೆ ಇರುತ್ತದೆ, ಅದು ಇಯರ್‌ಫೋನನ್ನು ಇನ್ನೊಂದು ಕೋನಕ್ಕೆ ತಿರುಗಿಸಿ ಹಿಡಿಯುತ್ತದೆ. ಕೇಬಲ್ ಸದ್ದನ್ನು ಬದಲಿಸಿದ್ದು ನಿಜ, ಆದರೆ ರಬ್ಬರಿನ ಮೂಲಕ! 4.4 ಮಿಲಿಮೀಟರ್ ಪಿನ್ನಿನ ಬ್ಯಾಲೆನ್ಸ್ಡ್ (ಎಡಬಲಕ್ಕೆ ಪ್ರತ್ಯೇಕ ಜೋಡಿ ತಂತಿ ಇರುವ) ಕೇಬಲ್ಲಾದರೆ ಇನ್ನೊಂದು ವಿಷಯ: ಆ ಔಟ್‌ಪುಟ್‌ನಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಹೆಚ್ಚು, ಸದ್ದು ಜೋರು. ತುಸು ಜೋರಾದದ್ದು ನಮ್ಮ ಕಿವಿಗೆ ಯಾವಾಗಲೂ ಹೆಚ್ಚು ಸೊಗಸು. ವಾಲ್ಯೂಮ್ ಸರಿಗಟ್ಟದೆ ಮಾಡಿದ ಹೋಲಿಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೇಬಲ್ಲಿಗೆ ದುಡ್ಡು ಹಾಕಲು ಬೇರೆ ಸಕಾರಣಗಳಿವೆ. ನಡೆಯುವಾಗ ಅಂಗಿಗೆ ಉಜ್ಜಿ ಕಿವಿಯೊಳಗೆ ಸರಸರ ಎನ್ನುವ ಕೇಬಲ್ ನಿಜಕ್ಕೂ ಪೀಡೆ. ಮೆತ್ತನೆಯ ಹೊದಿಕೆಯದು ತೆಗೆದುಕೊಳ್ಳಿ, ಅಥವಾ ಇರುವುದನ್ನೇ ಕಿವಿಯ ಮೇಲಿನಿಂದ ಬಳಸಿ ಹಾಕಿ. ಅರ್ಧ ಸದ್ದು ಹಾಗೆಯೇ ಅಡಗುತ್ತದೆ. ಒಂದು ಕಡೆ ಬಿಟ್ಟುಬಿಟ್ಟು ಬರುತ್ತಿದ್ದರೆ ಬೆವರಿಗೆ ಪಿನ್ನು ಕಿಲುಬು ಹಿಡಿದಿರಬಹುದು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಆಗಲೂ ಸರಿಹೋಗದಿದ್ದರೆ ಸಾಧಾರಣ ಬೆಲೆಯ ಹೊಸ ಕೇಬಲ್ ತನ್ನಿ. ತರುವಾಗ ಕನೆಕ್ಟರ್ ಎಂಎಂಸಿಎಕ್ಸ್ ಎಂಬ ದುಂಡನೆಯ ಬಗೆಯದೋ, 0.78 ಮಿಲಿಮೀಟರಿನ ಎರಡು ಪಿನ್ನಿನದೋ ನೋಡಿಕೊಳ್ಳಿ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ.

ನಿಮ್ಮ ಮಟ್ಟಿಗೆ ನಾನು ಹೇಳುವ ಕ್ರಮ: ಮೊದಲು ನಳಿಕೆಯ ಬಾಯಲ್ಲಿರುವ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಿವಿಯ ಮೇಣ ಕಟ್ಟಿದ್ದರೆ ಒಣ ಬ್ರಷ್‌ನಿಂದ, ಬಾಯಿ ಕೆಳಗೆ ಮಾಡಿ ಉದುರಿಸಿ, ಸೂಜಿ ಚುಚ್ಚಬೇಡಿ. ಆಮೇಲೆ ಪೆಟ್ಟಿಗೆಯಲ್ಲಿರುವ ಮೂರೂ ಅಳತೆ, ಎಡಕ್ಕೊಂದು ಬಲಕ್ಕೊಂದು. ಅದರಲ್ಲೂ ನಿಲ್ಲದಿದ್ದರೆ ಮಾತ್ರ ಹೊರಗಿನಿಂದ ಒಂದು ಜೋಡಿ ಫೋಮ್, ಒಂದು ಜೋಡಿ ಕಿರಿದಾದ ತೂತಿನ ಸಿಲಿಕೋನ್ ತರಿಸಿ. ತರಿಸುವ ಮುಂಚೆ ನಳಿಕೆಯ ಹೊರ ಅಗಲವನ್ನು ಅಳೆಯಿರಿ. ಸಡಿಲವಾದ ರಬ್ಬರು ಇಯರ್‌ಫೋನಿನ ಜೊತೆ ಹೊರಗೆ ಬಾರದೆ ಕಿವಿಯಲ್ಲೇ ಉಳಿದುಬಿಟ್ಟರೆ ಅದನ್ನು ಕೆದಕಲು ಹೋಗದೆ ಇಎನ್‌ಟಿ ವೈದ್ಯರಲ್ಲಿಗೆ ಹೋಗಬೇಕಾಗುತ್ತದೆ. ಅಳತೆ ಎಷ್ಟು ಬಂತೆಂದು ಇಲ್ಲೇ ಬರೆದರೆ ಯಾವ ಗಾತ್ರದ ಬುಡವಿರುವ ಟಿಪ್ ಹೊಂದುತ್ತದೆ ಎಂದು ಹೇಳುತ್ತೇನೆ.