ಸ್ಕೈ ದ್ವೀಪಕ್ಕೆ ಕಾರು ಎಲ್ಲಿಂದ?
ಜುಲೈನಲ್ಲಿ ಅಪ್ಪ ಅಮ್ಮನ ಜೊತೆ 10 ದಿನ ಲಂಡನ್, ಯಾರ್ಕ್, ಎಡಿನ್‌ಬರೋ, ಸ್ಕಾಟ್ಲೆಂಡಿನ ಸ್ಕೈ ದ್ವೀಪ ಸುತ್ತಲು ಲಂಡನ್‌ನಿಂದಲೇ ಕಾರು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಉತ್ತರ ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನವರೆಗೆ ರೈಲಿನಲ್ಲೇ ಹೋಗಿ, ಕಾರು ಅಲ್ಲಿ ತಗೊಳ್ಳಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್‌ನಿಂದ ಯಾರ್ಕ್ ಸುಮಾರು 2 ಗಂಟೆ, ಅಲ್ಲಿಂದ ಎಡಿನ್‌ಬರೋ ಎರಡೂವರೆ. ಬಲಗಡೆ ಕಿಟಕಿ ಸೀಟು ಹಿಡಿಯಿರಿ. ನ್ಯೂಕ್ಯಾಸಲ್ ದಾಟಿದ ಮೇಲೆ, ಬೆರಿಕ್ ಹತ್ತಿರ, ಸಮುದ್ರ ಹಳಿಯ ಪಕ್ಕಕ್ಕೇ ಬರುತ್ತದೆ. ಆ ಸೀಟು ಅಮ್ಮನಿಗೇ ಕೊಡಿ, ದಯವಿಟ್ಟು. ಅಡ್ವಾನ್ಸ್ ಟಿಕೆಟ್ ಬೇಗ ತೆಗೆದರೆ ಹಣ ಜಾಸ್ತಿ ಉಳಿಯುತ್ತದೆ. ಪ್ರವಾಸಿಗರಿಗೆ ನಮ್ಮ ಭಾರತದ ಲೈಸೆನ್ಸ್ ಸಾಕು, ಅಲ್ಲೂ ಎಡಗಡೆಯೇ ಓಡಿಸುವುದು. ಆದರೆ ಸ್ಕೈನಲ್ಲಿ ಹಲವು ರಸ್ತೆಗಳು ಒಂದೇ ಗಾಡಿಯಷ್ಟು ಅಗಲ. ಪಾಸಿಂಗ್ ಪ್ಲೇಸ್‌ನಲ್ಲಿ, ಅಂದರೆ ರಸ್ತೆ ಅಲ್ಲಲ್ಲಿ ಅಗಲವಾಗಿರುವ ಜಾಗದಲ್ಲಿ, ನಿಂತು ಎದುರಿನವರಿಗೆ ದಾರಿ ಬಿಡಬೇಕು, ಆತುರ ಬೇಡ. ಸ್ಕೈಗೆ 3 ರಾತ್ರಿ ಇಡಿ. ರೂಮು ಇವತ್ತೇ ಬುಕ್ ಮಾಡಿ.